ವಾರಿಜಕ್ಕನ ನೀರಿನ ಪಾಳಿ

ಎದುರು ಮನೆಯವರ ಸ್ಪ್ರಿಂಕ್ಲರಿಗೆ ಹುಲ್ಲಿಗಿಂತ ಕಾಲುದಾರಿಯ ಮೇಲೇ ಮಮತೆ ಹೆಚ್ಚು. ಇವತ್ತು ಬೆಳಿಗ್ಗೆ ಕಸದ ಡಬ್ಬಿ ಹೊರಗಿಡಲು ಹೋದಾಗ, ಬಿಸಿ ಕಾಂಕ್ರೀಟಿನ ಮೇಲೆ ನೀರು ಬಿದ್ದ ವಾಸನೆ ಮೂಗಿಗೆ ಬಡಿಯಿತು. ಮಣ್ಣಿನ ವಾಸನೆಯಲ್ಲ, ಅದರ ದೂರದ ನೆಂಟ. ಡಬ್ಬಿಯ ಹಿಡಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕೆನಡಾದ ಈ ನಮ್ಮ ವಾನ್ ಊರಿನಲ್ಲಿ ನೀರು ದಂಡವಾಗುವುದನ್ನು ನೋಡುತ್ತಾ ನಿಲ್ಲುವ ಮನುಷ್ಯ ಬಹುಶಃ ನಾನೊಬ್ಬನೇ ಇರಬೇಕು. ನನ್ನ ಹೆಂಡತಿ ಇದನ್ನು ನೀರಿನ ಕಾಯಿಲೆ ಎಂದು ಕರೆಯುತ್ತಾಳೆ. ನನಗೆ ಅದನ್ನು ಹತ್ತಿಸಿದವರು ವಾರಿಜಕ್ಕ.

ವಾರಿಜಕ್ಕ ನಮ್ಮಿಂದ ಎರಡು ಬೀದಿ ಆಚೆ ಇರುವವರು, ಕಾರ್ಕಳದ ಕಡೆಯವರು. ಮನೆಮಾತು ತುಳು, ನಮ್ಮೊಡನೆ ಮಾತ್ರ ಮಂಗಳೂರು ಕನ್ನಡ. ಅವರ ಗಂಡ ದಯಾನಂದಣ್ಣ ಟ್ರಕ್ ಓಡಿಸುತ್ತಿದ್ದರು. ಇಲ್ಲಿನ ಗೋದಾಮುಗಳಿಂದ ಸರಕು ತುಂಬಿಕೊಂಡು ಅಮೆರಿಕದ ನೈಋತ್ಯ ಮೂಲೆಯ ಮರುಭೂಮಿಯವರೆಗೆ ಹೋಗಿ ಬರುವುದು ಅವರ ಕೆಲಸ. ಬೇರೆಯವರು ಅಂಥ ಕಡೆಯಿಂದ ಫ್ರಿಜ್ಜಿಗೆ ಅಂಟಿಸುವ ಗೊಂಬೆ ತರುತ್ತಾರೆ, ದಯಾನಂದಣ್ಣ ಒಂದು ಸಲ ಜಮೀನನ್ನೇ ಕೊಂಡು ಬಂದರು. ಹಳೆಯ ಕಾಲುವೆಯ ಪಕ್ಕದಲ್ಲಿ ಒಂದು ತುಂಡು ನೆಲ. ಅದರಲ್ಲಿ ಪೀಕನ್ ಸಸಿ ನೆಟ್ಟರು. ಪೀಕನ್ ಎಂದರೆ ಅಕ್ರೋಟಿನ ದಾಯಾದಿ, ತಿನ್ನಲು ಅದಕ್ಕಿಂತ ಸಿಹಿ. ಚಳಿಗಾಲ ಬಂದರೆ ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೋಗಿಬಿಡುತ್ತಿದ್ದರು, ನಾವಿಲ್ಲಿ ಹಿಮ ಗುಡಿಸುತ್ತಾ ಹೊಟ್ಟೆ ಉರಿದುಕೊಳ್ಳುತ್ತಿದ್ದೆವು. ಆಮೇಲೆ ದಯಾನಂದಣ್ಣನಿಗೆ ಶ್ವಾಸಕೋಶದ ಕಾಯಿಲೆ ಬಂತು. ಹೋಗುವುದು ನಿಂತಿತು. ಕೆಲವು ವರ್ಷ ಹಾಸಿಗೆ ಹಿಡಿದು, 2015ರಲ್ಲಿ ತೀರಿಕೊಂಡರು.

ಎರಡು ವರ್ಷದ ಮೇಲೆ ಒಂದು ದಿನ ವಾರಿಜಕ್ಕ ನಮ್ಮ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು.

"ಎಂತ ಮಾಡುದು ಮಾರಾಯ್ರೆ? ನಮ್ಮ ನೀರು ಹೋಗ್ತದಂತೆ."

ನಾನು ಬೇಸ್‌ಮೆಂಟಿನ ಪೈಪು ಒಡೆದಿರಬೇಕು ಎಂದುಕೊಂಡು ಸ್ಪ್ಯಾನರು ಹುಡುಕಲು ಹೊರಟೆ. ಮೈಸೂರಿನಲ್ಲಿ ಹುಟ್ಟಿದ ನನಗೆ ನೀರೆಂದರೆ ನಲ್ಲಿ. ಬಂದರೆ ತುಂಬಿಸಿಕೊಳ್ಳುವುದು, ಬರದಿದ್ದರೆ ಬೈಯುವುದು, ಇದಕ್ಕಿಂತ ಹೆಚ್ಚಿನ ಕಾನೂನು ನನಗೆ ಗೊತ್ತಿರಲಿಲ್ಲ. ಹೋಗುತ್ತಿದ್ದದ್ದು ಮರುಭೂಮಿಯ ನೀರು ಎಂದು ಅರ್ಥವಾಗಲು ಒಂದು ಕಾಫಿ ಮುಗಿಯಬೇಕಾಯಿತು.

ಆ ಸೀಮೆಯ ನಿಯಮ ವಿಚಿತ್ರ, ಓದುಗ ಮಿತ್ರರೇ, ಸ್ವಲ್ಪ ತಾಳ್ಮೆಯಿಂದ ಕೇಳಿ. ಅಲ್ಲಿ ನೆಲ ನಿಮ್ಮದಾದ ಮಾತ್ರಕ್ಕೆ ಪಕ್ಕದಲ್ಲಿ ಹರಿಯುವ ನೀರು ನಿಮ್ಮದಲ್ಲ. ಹಿಂದೆ ಯಾವನೋ ಮೊದಲು ಬಂದು, ಹೊಳೆಯಿಂದ ಕಾಲುವೆ ತೋಡಿ, ನೀರನ್ನು ಕೆಲಸಕ್ಕೆ ಹಚ್ಚಿದನಲ್ಲ, ಹಕ್ಕು ಅವನದು. ಅವನ ನಂತರ ಬಂದವನದು ಅವನ ನಂತರ. ಹಕ್ಕಿಗೆ ವಯಸ್ಸಿದೆ. ಕೊಂಡರೂ, ಬಳುವಳಿಯಾಗಿ ಬಂದರೂ ಆ ವಯಸ್ಸು ಜೊತೆಗೇ ಬರುತ್ತದೆ. ಬರ ಬಂದಾಗ ಎಲ್ಲರೂ ಸ್ವಲ್ಪ ಸ್ವಲ್ಪ ಹಂಚಿಕೊಳ್ಳೋಣ ಎಂಬ ಮಾತೇ ಇಲ್ಲ. ಹಿರಿಯ ಹಕ್ಕಿನವನ ಹೊಲ ಪೂರ್ತಿ ತೊಯ್ಯುವವರೆಗೆ ಕಿರಿಯವನ ತೂಬಿಗೆ ಬೀಗ. ಬೀಗ ಹಾಕಲು, ತೆಗೆಯಲು, ಯಾರ ಪಾಳಿ ಯಾವಾಗ ಎಂದು ಹೇಳಲು ಒಬ್ಬ ಮನುಷ್ಯ ಇರುತ್ತಾನೆ. ನಮ್ಮ ಹಳೇ ಮೈಸೂರಿನ ಕೆರೆಗಳಿಗೆ ನೀರುಗಂಟಿ ಇದ್ದ ಹಾಗೆ. ಕೊನೆಯ ನಿಯಮ ಎಲ್ಲಕ್ಕಿಂತ ಕಠಿಣ. ಸತತವಾಗಿ ಐದು ವರ್ಷ ನೀರು ಬಳಸದೆ ಬಿಟ್ಟರೆ ಹಕ್ಕು ಸತ್ತಂತೆ.

ದಯಾನಂದಣ್ಣನ ಜಮೀನಿಗೆ ಆ ಕಾಲುವೆಯ ಅತ್ಯಂತ ಹಿರಿಯ ಹಕ್ಕುಗಳಲ್ಲಿ ಒಂದು ಅಂಟಿಕೊಂಡಿತ್ತು. ಪಕ್ಕದ ಹೊಲದ ಹ್ಯಾರಲ್ಡನ ಹಕ್ಕು ಬಹಳ ಕಿರಿಯದು. ವಯಸ್ಸಿನಲ್ಲಿ ಮಾತ್ರ ಹ್ಯಾರಲ್ಡ್ ಎಲ್ಲರಿಗಿಂತ ಹಿರಿಯ. ಮೇವು ಬೆಳೆದು ಜೀವನ ಮಾಡುವ ಮುದುಕ. ಅವನು ಈಗ ಅರ್ಜಿ ಹಾಕಿದ್ದ: ಈ ಕೆನಡಾದವರು ಐದು ವರ್ಷದಿಂದ ನೀರು ಬಳಸಿಲ್ಲ, ಬಳಸುತ್ತಿರುವವನು ನಾನು, ಅವರ ಹಕ್ಕು ರದ್ದಾಗಲಿ.

"ಬಳಸಿಲ್ಲ ಅಂತಾನಲ್ಲ, ಅವನಿಗೆ ಕೊಟ್ಟವಳೇ ನಾನು!" ಎಂದರು ವಾರಿಜಕ್ಕ. "ಇವರು ಮಲಗಿದಲ್ಲಿಂದಲೇ ಹೇಳ್ತಿದ್ರು, ಹ್ಯಾರಲ್ಡಿಗೆ ನೀರು ಸಾಲುದಿಲ್ಲ ಅಂತ. ಪ್ರತಿ ವರ್ಷ ಬೇಸಗೆ ಮುಂಚೆ ನಾನೇ ಫೋನ್ ಮಾಡಿ, ನಮ್ಮ ಪಾಳಿಯಲ್ಲಿ ಮರಕ್ಕೆ ಬಿಟ್ಟು ಉಳಿದದ್ದು ನೀನು ತಕ್ಕೋ ಅಂತ ಹೇಳ್ತಿದ್ದೆ. ನಮ್ಮ ಊರಲ್ಲಿ ಪಕ್ಕದ ಮನೆಯವರ ಬಾವಿ ಬತ್ತಿದ್ರೆ ಅವರು ಬಂದು ಕೇಳುವ ಹಾಗೆ ಆಗ್ಬಾರ್ದು. ನಾವೇ ಹೋಗಿ ಕೊಡಪಾನ ತನ್ನಿ ಅಂತ ಹೇಳ್ಬೇಕು. ಅದಕ್ಕೂ ಕೋರ್ಟು ಉಂಟಾ?"

ಕೋರ್ಟು ಇತ್ತು. ಹಕ್ಕು ಹೋದರೆ ತೂಬು ಹೋಯಿತು, ತೂಬು ಹೋದರೆ ಒಂದೇ ಬೇಸಗೆಯಲ್ಲಿ ಮರಗಳೂ ಹೋದವು. ಗಂಡ ನೆಟ್ಟ ಮರಗಳು. ಮಣ್ಣಾದವರ ನೆನಪಿಗೆ ಅವರ ಹತ್ತಿರ ಜೀವಂತವಾಗಿ ಉಳಿದಿದ್ದದ್ದು ಅಷ್ಟೇ.

ವಿಚಾರಣೆಗೆ ಫೋನಿನಲ್ಲೇ ಹಾಜರಾಗಬಹುದು ಎಂದು ಅಲ್ಲಿನ ವಕೀಲೆ ತಿಳಿಸಿದರು. ಕಾನ್ಫರೆನ್ಸ್ ಕಾಲ್ ಎಂದ ಕೂಡಲೇ ಬೀದಿಯ ಕಣ್ಣೆಲ್ಲ ಸಾಫ್ಟ್‌ವೇರಿನವನ ಮೇಲೆ. ಬೆಳಗಿನಿಂದ ಸಂಜೆವರೆಗೆ 'ನಿಮಗೆ ನನ್ನ ದನಿ ಕೇಳಿಸುತ್ತಿದೆಯೇ' ಎನ್ನುವುದೇ ನನ್ನ ಉದ್ಯೋಗವಾದ್ದರಿಂದ ಒಪ್ಪಿಕೊಂಡೆ. ಅಷ್ಟಕ್ಕೇ ನಿಲ್ಲಿಸದೆ ವಾರಿಜಕ್ಕನಿಗೆ ಹೇಳಿಕೊಡಲೂ ಹೊರಟೆ. "ನೀವು ಒಂದು ಹನಿಯನ್ನೂ ಪೋಲು ಮಾಡಲಿಲ್ಲ, ಉಳಿಸಿದಿರಿ ಅಂತ ಹೇಳಿ, ಚೆನ್ನಾಗಿರತ್ತೆ," ಎಂದೆ. ಅಭ್ಯಾಸದ ಕರೆಯಲ್ಲಿ ಅದನ್ನು ಕೇಳಿದ ವಕೀಲೆ ಹೌಹಾರಿದರು. ನೀರು ಉಳಿಸಿದೆ ಎಂದರೆ ಆ ಊರಿನ ಕಾನೂನಿಗೆ ನೀರು ಬೇಡವಾಗಿತ್ತು ಎಂದರ್ಥವಂತೆ. ಬಕೆಟ್ಟಿನ ಮೇಲೆ ಮುಚ್ಚಳ ಮುಚ್ಚಿ ಬೆಳೆದ ನನಗೆ, ಉಳಿಸಿದರೆ ಕಳೆದುಕೊಳ್ಳುತ್ತೀರಿ ಎಂಬ ಮಾತು ಗಂಟಲಲ್ಲಿ ಇಳಿಯಲಿಲ್ಲ. ಅಲ್ಲಿಂದ ಮುಂದೆ ನನಗೆ ಬಟನ್ ಒತ್ತುವ ಕೆಲಸ ಮಾತ್ರ ಎಂದು ತೀರ್ಮಾನವಾಯಿತು.

ವಕೀಲೆ ಹೇಳಿದ್ದು ಇಷ್ಟು. ವಾರಿಜಕ್ಕನ ಒಪ್ಪಿಗೆಯಿಂದ, ಅವರು ಹೇಳಿದಂತೆ ಹ್ಯಾರಲ್ಡ್ ನೀರು ಬಿಟ್ಟಿದ್ದರೆ ಅದು ವಾರಿಜಕ್ಕನ ಬಳಕೆಯೇ ಆಗುತ್ತದೆ, ಹಕ್ಕು ಬದುಕುತ್ತದೆ. ಕೇಳುವವರಿಲ್ಲ ಎಂದು ತಾನಾಗಿ ತೆಗೆದುಕೊಂಡಿದ್ದರೆ ಹಕ್ಕು ಸತ್ತಿದೆ. ಎಲ್ಲ ಬಾಯಿಮಾತಿನಲ್ಲೇ ನಡೆದಿದ್ದರಿಂದ ಅದನ್ನು ಹೇಳಬಲ್ಲವನು ಭೂಮಿಯ ಮೇಲೆ ಇನ್ನೊಬ್ಬನೇ ಇದ್ದ. ನಿಜ ಹೇಳಿದರೆ ನೀರು ಕಳೆದುಕೊಳ್ಳುವವನೂ ಅವನೇ. ಇಂಥವನ ಬಾಯಿಂದ ನಿಜ ಬರುತ್ತದೆ ಎಂದು ನನಗಂತೂ ನಂಬಿಕೆಯಿರಲಿಲ್ಲ.

ಆ ದಿನ ವಾರಿಜಕ್ಕನ ಅಡುಗೆಮನೆಯಲ್ಲಿ ಮೇಜಿನ ಮಧ್ಯೆ ಫೋನಿಟ್ಟುಕೊಂಡು ಕೂತೆವು. ಅವರ ಮಗಳು ಶ್ರುತಿ ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು. ವಾರಿಜಕ್ಕ ಫೋನಿಗೆ ಗೌರವ ಕೊಡುವವರಂತೆ ರೇಷ್ಮೆ ಸೀರೆ ಉಟ್ಟಿದ್ದರು. ಒಲೆ ಆರಿಸಿತ್ತು, ನಲ್ಲಿ ತೊಟ್ಟಿಕ್ಕದಂತೆ ಬಿಗಿಯಾಗಿ ತಿರುಗಿಸಿತ್ತು. ಫೋನಿನಲ್ಲೇ ವಾರಿಜಕ್ಕನಿಗೆ ಪ್ರಮಾಣ ಮಾಡಿಸಿದರು. ಅಲ್ಲಿಂದಾಚೆ ನಡೆದದ್ದೆಲ್ಲ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಕಳೆದ ಐದು ವರ್ಷ ನೀವು ನೀರು ಬಳಸಿದಿರಾ?" ವಿಚಾರಣಾಧಿಕಾರಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ.

"ನಾನು ಬಳಸಲಿಲ್ಲ."

ಶ್ರುತಿ ತಲೆ ಹಿಡಿದುಕೊಂಡಳು. "ಅಮ್ಮಾ, ಡೋಂಟ್ ಸೇ ದಟ್!" ಎಂದು ಪಿಸುಗುಟ್ಟಿದಳು. ವಾರಿಜಕ್ಕ ಮಗಳ ಕಡೆ ತಿರುಗಿಯೂ ನೋಡಲಿಲ್ಲ.

"ನನ್ನ ಗಂಡನಿಗೆ ಹುಷಾರಿರಲಿಲ್ಲ. ನಾನು ಪ್ರತಿ ವಸಂತದಲ್ಲಿ ಹ್ಯಾರಲ್ಡಿಗೆ ಫೋನ್ ಮಾಡಿ, ಮೊದಲು ಮರಗಳಿಗೆ ಬಿಡು, ಉಳಿದದ್ದು ನಿನ್ನ ಮೇವಿಗೆ ಎಂದು ಹೇಳಿದೆ."

"ಅದಕ್ಕೆ ಪ್ರತಿಯಾಗಿ ಏನು ಪಡೆದಿರಿ?"

"ನೀರಿಗೆ?" ವಾರಿಜಕ್ಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಏನೂ ಇಲ್ಲ."

ಅಧಿಕಾರಿ ಹ್ಯಾರಲ್ಡನನ್ನು ಕರೆದರು. ಅವನು ಅಲ್ಲೇ, ಅವರ ಎದುರಿನಲ್ಲೇ ಕೂತಿದ್ದನಂತೆ. ಇವರು ಹೇಳಿದ್ದು ನಿಜವೇ ಎಂದು ಕೇಳಿದರು. ಲೈನು ಕಟ್ಟಾಯಿತೇ ಎಂದು ಪರದೆ ನೋಡಿದೆ, ಆಗಿರಲಿಲ್ಲ. ಫ್ರಿಜ್ಜು ಗುಂಯ್‌ಗುಡುತ್ತಿತ್ತು. ವಾರಿಜಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದು, ಬೆರಳು ಬೆಳ್ಳಗಾಗಿತ್ತು. ಮೇಜಿನ ಮೇಲೆ ನೀರಿನ ಲೋಟ ಇದ್ದರೂ ಕೈ ಚಾಚಲು ಧೈರ್ಯವಾಗಲಿಲ್ಲ.

ಕೊನೆಗೆ ಹ್ಯಾರಲ್ಡ್ ಕೆಮ್ಮಿದ. "ನಿಜ. ಪ್ರತಿ ವಸಂತದಲ್ಲೂ ಅವರೇ ಫೋನ್ ಮಾಡಿ ಹೇಳುತ್ತಿದ್ದರು. ನಾನು ಕೇಳುವುದಕ್ಕೆ ಮೊದಲೇ."

"ಮರಗಳಿಗೆ ನೀರು ಬಿಟ್ಟಿರಾ?"

"ಬಿಟ್ಟೆ. ಅವರು ಹೇಳಿದ್ದರಲ್ಲ. ಮೊದಲು ಮರಗಳಿಗೇ."

ಶ್ರುತಿ ತಾಯಿಯ ಭುಜ ಹಿಡಿದು ಅಲುಗಾಡಿಸಿದಳು. ನಾನು ಗೆದ್ದೆವು ಎಂದುಕೊಂಡೆ. ಆದರೆ ನಮ್ಮ ವಕೀಲೆ ಇನ್ನೊಂದು ಪ್ರಶ್ನೆ ಕೇಳಿದರು. "ಬಳಸದೆ ಬಿಟ್ಟರೆ ಹಕ್ಕು ಹೋಗುತ್ತದೆ ಎಂದು ನಿಮಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಅವರಿಗೆ ಹೇಳಿದಿರಾ?"

"ಇಲ್ಲ," ಎಂದ ಹ್ಯಾರಲ್ಡ್. "ಐದು ವರ್ಷ ತುಂಬಲಿ ಎಂದು ಕಾಯುತ್ತಿದ್ದೆ."

ವಾರಿಜಕ್ಕ ಸೆರಗು ಬಿಟ್ಟರು. ಅವರ ಮುಖ ಆಗ ಮುಚ್ಚಿಕೊಂಡಿತು. ಹಕ್ಕು ಉಳಿಯಿತು ಎಂಬ ಆದೇಶ ಮುಂದೆ ಬಂದಾಗಲೂ ಅದು ಪೂರ್ತಿಯಾಗಿ ತೆರೆಯಲಿಲ್ಲ. ನಾನು ಜಿಲೇಬಿ ತಂದು ಬೀದಿಗೆಲ್ಲ ಹಂಚಿದೆ, ಬಟನ್ ಒತ್ತಿದವನ ಪಾಲು ಗೆಲುವಿನಲ್ಲಿ ಸಣ್ಣದಲ್ಲ ಎಂದು ಹೇಳಿಕೊಂಡು ತಿರುಗಿದೆ. ವಾರಿಜಕ್ಕ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಐದು ವರ್ಷ ನನ್ನ ಹತ್ರ ಚಂದ ಮಾತಾಡಿದ ಮನುಷ್ಯ," ಎಂದರು. ಎರಡನೆಯ ತುಂಡು ತೆಗೆದುಕೊಳ್ಳಲಿಲ್ಲ.

ಮರುವರ್ಷ ಅಲ್ಲಿ ಬೆಟ್ಟಗಳ ಮೇಲೆ ಹಿಮ ಬೀಳಲಿಲ್ಲ, ಹೊಳೆ ಸೊರಗಿತು. ನೀರುಗಂಟಿ ಕಿರಿಯ ಹಕ್ಕಿನವರ ತೂಬುಗಳಿಗೆಲ್ಲ ಬೀಗ ಜಡಿದ. ಒಂದು ಭಾನುವಾರ ನಾವು ವಾರಿಜಕ್ಕನ ಮನೆಯಲ್ಲಿ ನೀರುದೋಸೆ ತಿನ್ನುತ್ತಿದ್ದಾಗ ಫೋನು ಬಂತು. ಹ್ಯಾರಲ್ಡ್. ಸುತ್ತಿಬಳಸಲಿಲ್ಲ. ಈ ಸಲ ಕರಾರುಪತ್ರ ಬರೆದು, ಕಾನೂನು ಪ್ರಕಾರವೇ, ನಿಮ್ಮ ಪಾಳಿಯಲ್ಲಿ ಸ್ವಲ್ಪ ಕೊಡುತ್ತೀರಾ ಎಂದು ಕೇಳಿದ. ಕೊಟ್ಟರೆ ಹಕ್ಕಿಗೆ ಕುಂದಿರಲಿಲ್ಲ. ಮರಗಳಿಗೆ ಬೇಕಾದಷ್ಟು ಆದ ಮೇಲೂ ನೀರು ಮಿಗುತ್ತಿತ್ತು. ವಾರಿಜಕ್ಕ ಹೌದೆನ್ನುತ್ತಾರೆ ಎಂದು ನಾನು ದೋಸೆಗೆ ಚಟ್ನಿ ಹಾಕಿಕೊಂಡೆ.

"ಇಲ್ಲ ಹ್ಯಾರಲ್ಡ್. ಆಗುವುದಿಲ್ಲ," ಎಂದರು ಅವರು.

ಫೋನಿಟ್ಟು, ಒಲೆಯ ಹತ್ತಿರ ಹೋಗಿ, ನಮಗೆ ಬೆನ್ನು ಹಾಕಿಯೇ ಹೇಳಿದರು: "ನಮ್ಮ ಅಮ್ಮ ಬದುಕಿದ್ರೆ ಇವತ್ತು ನನ್ನ ಕೆನ್ನೆಗೆ ಬಾರಿಸ್ತಿದ್ರು." ಕಾವಲಿಯ ಮೇಲಿನ ದೋಸೆ ಸೀದು ಹೋಯಿತು. ಐದು ವರ್ಷ ಕಾದವನನ್ನು ಕ್ಷಮಿಸಿ ಎನ್ನಲು ನಾನು ಯಾರು? ನಿಜ ಹೇಳಿ ನೀರು ಕಳೆದುಕೊಂಡವನಿಗೆ ಇಲ್ಲವೆಂದದ್ದು ಸರಿ ಎನ್ನಲಂತೂ ನಾಲಗೆ ಏಳಲಿಲ್ಲ. ಸೀದ ದೋಸೆಯನ್ನೇ ಹಾಕಿಸಿಕೊಂಡು ತಿಂದೆ.

ಅದು ಹೋದ ವರ್ಷದ ಮಾತು. ಈಗ ವಾರಿಜಕ್ಕ ಬೇಸಗೆಯನ್ನೂ ಮರುಭೂಮಿಯ ಆ ಜಮೀನಿನಲ್ಲೇ ಕಳೆಯುತ್ತಾರೆ. ಕಾಲುವೆಯ ಹೂಳೆತ್ತುವ ದಿನ ಎಲ್ಲರಂತೆ ಸಲಿಕೆ ಹಿಡಿದು ನಿಲ್ಲುತ್ತಾರಂತೆ, ತಮ್ಮ ತೂಬನ್ನು ತಾವೇ ಎತ್ತುತ್ತಾರಂತೆ. ಇವತ್ತು ಕಸದ ಡಬ್ಬಿ ಬಿಟ್ಟು ಒಳಗೆ ಬಂದವನೇ ಅವರಿಗೆ ಫೋನ್ ಮಾಡಿದೆ. ಹಿಂದೆ ನೀರು ಹರಿಯುವ ಸದ್ದು ಕೇಳಿಸುತ್ತಿತ್ತು.

"ಮರ ಎಲ್ಲ ಚಂದ ಬಂದುಂಟು," ಎಂದರು. "ಹ್ಯಾರಲ್ಡನ ತೂಬು ಈ ವರ್ಷವೂ ಮುಚ್ಚಿಯೇ ಉಂಟು. ಅರ್ಧ ಹೊಲ ಹಾಗೇ ಬಿಟ್ಟಿದ್ದಾನೆ. ನಮ್ಮ ನೀರು ಅವನ ಬೇಲಿ ಪಕ್ಕದಲ್ಲೇ ಹರಿದು ಬರುದಲ್ವಾ, ನಿಂತು ನೋಡ್ತಾನೆ. ನನ್ನನ್ನು ಕಂಡ್ರೆ ಕೈ ಎತ್ತುತ್ತಾನೆ. ನಾನೂ ಎತ್ತುತ್ತೇನೆ."

"ಮಾತಾಡಲ್ವಾ?"

"ಬಿಸಿಲು ಜಾಸ್ತಿ ಅಂತಾನೆ. ಹೌದು ಅಂತೇನೆ." ದನಿ ತಗ್ಗಿಸಿ ಹೇಳಿದರು: "ಕೇಳಿದ್ರೆ ಕೊಡ್ತೇನೆ ಮಾರಾಯ್ರೆ. ಈ ಸಲ ಕೇಳುದೇ ಇಲ್ಲ ಅವನು."

"ಅವನು ಹೇಗೆ ಕೇಳ್ತಾನೆ ವಾರಿಜಕ್ಕ? ನೀವೇ ಹೇಳಬಹುದಲ್ಲ?"

ನೀರಿನ ಸದ್ದು ಮಾತ್ರ ಕೇಳಿಸುತ್ತಿತ್ತು.

"ಮೊದಲೆಲ್ಲ ನಾನೇ ಹೇಳ್ತಿದ್ದದ್ದಲ್ವಾ," ಎಂದರು ವಾರಿಜಕ್ಕ. "ಈಗ ಬಾಯಿ ಬರುದಿಲ್ಲ."