ಉಪ್ಪಿನ ಮರಿಗೆಯ ಎರಡನೆಯ ಕುಳಿ

ನಾನು ಮಾಡದ ತಪ್ಪಿಗಾಗಿ ಗಂಡನ ಮನೆಯಲ್ಲಿ ಎಂಟು ಬೇಸಿಗೆ ಉಪ್ಪಿನ ಮರಿಗೆ ಮುಟ್ಟಲು ನನ್ನನ್ನು ಬಿಡಲಿಲ್ಲ. ತಪ್ಪು ಯಾರದೆಂದು ಅಂದು ಅಡುಗೆಮನೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಇಬ್ಬರು ಬಾಯಿ ಬಿಡಲಿಲ್ಲ. ಮೂರನೆಯವಳು ನಾನು.

ಐವತ್ತರ ದಶಕದ ಕೊನೆ. ಶಿಡ್ಲಘಟ್ಟದ ಕಡೆಯಿಂದ ಮಂಚೇನಹಳ್ಳಿಗೆ ಸೊಸೆಯಾಗಿ ಬಂದ ಮೊದಲ ಬೇಸಿಗೆ. ಹೊಲದ ಬದುವಿನಲ್ಲಿ ಹುಣಸೆ ಚಿಗುರಿತ್ತು. ನಗರಗೆರೆಯಿಂದ ಮಾವನವರ ಷಡ್ಡಕರು ಊಟಕ್ಕೆ ಬರುವವರಿದ್ದರು. ಚಿಗುರಿನ ಪಪ್ಪು ನಿನ್ನದೇ ಇರಲಿ ಎಂದು ಹಿಂದಿನ ದಿನವೇ ಹೇಳಿ ಅತ್ತೆ ಮೊದಲ ಸಲ ಒಲೆಯನ್ನು ನನಗೆ ಬಿಟ್ಟುಕೊಟ್ಟರು. ಅದು ಹದವಾಗಿ ಬಂದರೆ ಆ ಮನೆಯಲ್ಲಿ ನನಗೂ ಒಂದು ಒಲೆ ಇದೆ ಎಂದಾಗುತ್ತಿತ್ತು. ಆಗಿನಿಂದಲೇ ನಾನು ಕೂತಲ್ಲಿ ಕೂರಲಿಲ್ಲ.

ಬೆಳಗಿನ ತಂಪಿನಲ್ಲೇ ಚಿಗುರು ಕಿತ್ತು ತಂದೆ. ಅಂಗೈಗಳ ನಡುವೆ ತಿಕ್ಕಿ, ಮೊರದಲ್ಲಿ ಕೇರಿ, ಕಡ್ಡಿ ತೆಗೆದೆ. ಪಪ್ಪಿಗೆ ತೊಗರಿಬೇಳೆ ಪೂರಾ ಬೆಂದ ಮೇಲೆಯೇ ಚಿಗುರು ಹಾಕಬೇಕು. ಮೊದಲೇ ಹಾಕಿದರೆ ಹುಳಿಗೆ ಬೇಳೆ ಬೇಯದೆ ಕಲ್ಲಾಗುತ್ತದೆ. ಹಸಿಮೆಣಸಿನಕಾಯಿ, ಈರುಳ್ಳಿ, ಕಡೆಗೆ ಮರದ ಮರಿಗೆಯಿಂದ ಒಂದು ಹಿಡಿ ಕಲ್ಲುಪ್ಪು. ಆ ಮನೆಯಲ್ಲಿ ಗಂಡಸರು ಉಣ್ಣುವ ಮೊದಲು ಹೆಂಗಸರು ರುಚಿ ನೋಡುವಂತಿರಲಿಲ್ಲ. ಉಪ್ಪಿಗೆ ಕೈಯ ಅಳತೆಯೇ ಗತಿ.

ಉಪ್ಪು ಹಾಕಿ, ಒಗ್ಗರಣೆಗೆ ಕರಿಬೇವು ತರಲು ಹಿತ್ತಲಿಗೆ ಹೋದೆ. ಹಿಂತಿರುಗಿದಾಗ ನನ್ನ ಹಿರಿಯ ಓರಗಿತ್ತಿ ಪಪ್ಪು ತಿರುವುತ್ತಿದ್ದರು. ಅವರ ತವರು ಗಡಿಯಾಚೆಯ ತೆಲುಗು ಸೀಮೆ; ಅಲ್ಲಿ ಚಿಗುರು ಬಿದ್ದೊಡನೆ ಉಪ್ಪು ಬೀಳುತ್ತದಂತೆ. ಚಿಗುರಿನ ಜೊತೆ ಹಾಕದ್ದನ್ನು ಕಂಡು, ನಾನು ಮರೆತೆನೆಂದು ತಿಳಿದು ಅವರೂ ಹಾಕಿದ್ದರು; ನನಗದು ಆಗ ಗೊತ್ತಾಗಲಿಲ್ಲ. ಅಲ್ಲಿಯವರೆಗೆ ಯಾರ ತಪ್ಪೂ ಇಲ್ಲ, ಅದನ್ನು ಒಪ್ಪುತ್ತೇನೆ.

ಷಡ್ಡಕರು ಮುದ್ದೆ ಮುರಿದು ಒಂದು ತುತ್ತು ಬಾಯಿಗಿಟ್ಟು, ನೀರಿನ ಚೊಂಬಿಗೆ ಕೈ ಹಾಕಿದರು. ಮಾವನವರು ತುತ್ತು ನುಂಗಿ, ಬಾಗಿಲ ಕಡೆ ನೋಡಿ ಕೇಳಿದರು: “ಯಾರಮ್ಮ ಇದಕ್ಕೆ ಉಪ್ಪು ಹಾಕಿದ್ದು?”

“ನಾನೇ ಮಾವ,” ಎಂದೆ. ಹಾಕಿದ್ದು ನಿಜವಲ್ಲವೆ? ಪಪ್ಪು ತಿರುವುತ್ತಿದ್ದ ಕೈ ನೆನಪಾಗಿ, ಪಕ್ಕದಿಂದ ಇನ್ನೊಂದು ದನಿ ಬರುತ್ತದೆಂದು ಕಾದೆ. ಓರಗಿತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು.

“ಶಿಡ್ಲಘಟ್ಟದ ತಾವ ಸಮುದ್ರ ಏನಾದ್ರೂ ಬಂತೇನಮ್ಮ?” ಎಂದರು ಷಡ್ಡಕರು. ಪಡಸಾಲೆಯೆಲ್ಲ ನಕ್ಕಿತು.

ಒಳಗೆ ಬಂದು ಮರಿಗೆಯ ಮುಚ್ಚಳ ತೆಗೆದೆ. ಬೆಳಿಗ್ಗೆ ನಾನೇ ತುಂಬಿ, ಅಂಗೈಯಿಂದ ತಟ್ಟಿ ಸಮ ಮಾಡಿದ ಉಪ್ಪಿನಲ್ಲಿ ಎರಡು ಕುಳಿಗಳಿದ್ದವು. ಒಂದು ಬಲಕ್ಕೆ, ನನ್ನದು. ಇನ್ನೊಂದು ಎಡಕ್ಕೆ, ಮನೆಯಲ್ಲಿ ಎಡಗೈ ರೂಢಿ ಓರಗಿತ್ತಿಯೊಬ್ಬರಿಗೇ. ಅತ್ತೆಯನ್ನು ಕರೆದು ತೋರಿಸಿದೆ. ಅವರು ಎರಡನ್ನೂ ನೋಡಿದರು, ಹಿರಿಯ ಸೊಸೆಯ ಮುಖವನ್ನೂ ನೋಡಿದರು. ಆಮೇಲೆ ಮರಿಗೆಯೊಳಗೆ ಕೈಯಿಟ್ಟು ಉಪ್ಪನ್ನು ಸಮ ಮಾಡಿದರು.

“ಇವತ್ತಿಂದ ಇದನ್ನ ನೀನು ಮುಟ್ಟಬೇಡಮ್ಮ. ಸಾರು ಇಳಿಸೋ ಹೊತ್ಗೆ ನನ್ನ ಕರಿ.”

ಕರೆದೆ. ಮಾವಿನಕಾಯಿ ಚಿತ್ರಾನ್ನಕ್ಕೆ ಕರೆದೆ, ನೀರುಮಜ್ಜಿಗೆಗೆ ಕರೆದೆ, ನನ್ನ ಮಗುವಿನ ಗಂಜಿಗೂ ಕರೆದೆ. ಅವರು ತೋಟಕ್ಕೆ ಹೋದ ದಿನ ಕುದಿಯುವ ಪಾತ್ರೆಗೂ ಬಾಗಿಲಿಗೂ ನಡುವೆ ಓಡಾಡಿದೆ. ಎಂಟು ಬೇಸಿಗೆ ಕಳೆದು ಗೌರಿಬಿದನೂರಿನಲ್ಲಿ ಬೇರೆ ಮನೆ ಮಾಡಿದ ಮೇಲೂ ಆ ಓಡಾಟ ನಿಲ್ಲಲಿಲ್ಲ. ಇಂದಿಗೂ ಪಪ್ಪು ಇಳಿಸಿದ ಮೇಲೆ ಮೂರು ಸಲ ಎದ್ದು ಹೋಗಿ ರುಚಿ ನೋಡುತ್ತೇನೆ.

ಅತ್ತೆ ಈಗಿಲ್ಲ. ಓರಗಿತ್ತಿ ಇದ್ದಾರೆ. ಕಳೆದ ಬೇಸಿಗೆಯಲ್ಲಿ ನನಗೆ ಚಿಗುರಿನ ಪಪ್ಪು ಬಡಿಸಿ, “ಉಪ್ಪು ಸರಿಯಾಗೈತೇನಮ್ಮ, ನೋಡು” ಎಂದರು. ನನ್ನನ್ನೇಕೆ ಕೇಳುತ್ತೀರಿ, ಅಕ್ಕ? ಅಂದು ಮಾವನವರು ಕೇಳಿದಾಗ ನಿಮಗೆ ಬಾರದ ಮಾತು ಇಷ್ಟು ವರ್ಷಗಳಲ್ಲಿ, ನಾವಿಬ್ಬರೇ ಕೂತಿದ್ದಾಗಲಾದರೂ, ಒಮ್ಮೆಯೂ ಏಕೆ ಬರಲಿಲ್ಲ?