ಅತ್ತೆಯ ದಾಳಿಂಬೆ ಕಷಾಯ

ನಮ್ಮ ಅತ್ತೆಗೆ ಹನ್ನೊಂದು ದಾಳಿಂಬೆ ಗಿಡಗಳಿವೆ. ಹುಮನಾಬಾದಿನ ಹತ್ತಿರ ಹುಡಗಿ ಎಂಬ ಊರಿನಲ್ಲಿ ನಮ್ಮ ಮನೆ. ಮನೆಯ ಹಿಂದೆ ಬಾವಿ, ಬಾವಿಯ ಪಕ್ಕ ಈ ಗಿಡಗಳು. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಒಬ್ಬನೇ ಮಗ ಎನ್ನುತ್ತಾರೆ. ಆ ಒಬ್ಬನೇ ಮಗ, ಅಂದರೆ ನನ್ನ ಗಂಡ, ಅವ್ವನ ಜೀವವೆಲ್ಲ ಗಿಡಗಳ ಮೇಲೆ ಎಂದು ಇಂದಿಗೂ ದೂರುತ್ತಾನೆ.

ಮದುವೆಯಾಗಿ ಬಸವಕಲ್ಯಾಣದಿಂದ ಬಂದ ಮೊದಲ ಬೇಸಿಗೆಯಲ್ಲೇ ನನಗೆ ಅತ್ತೆಯ ಮೇಲೆ ಸಿಟ್ಟು ಬಂದಿತ್ತು. ಬಾವಿಯಲ್ಲಿ ನೀರಿತ್ತು. ಗಿಡದ ಎಲೆಗಳು ಹಳದಿಯಾಗಿ ಉದುರುತ್ತಿದ್ದವು. ಇವರು ಬಾವಿಕಟ್ಟೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು.

“ನೀರ್ಯಾಕ ಬಿಡವಲ್ರಿ ಅತ್ತಿ? ಒಣಗಾಕತ್ತಾವಲ್ಲ,” ಎಂದೆ.

“ಸಾಯಂಗಿಲ್ಲ ತಗೋ. ಬಾಯಾರಿಸಿದ್ರ ಹೂ ಎಲ್ಲಾ ಒಮ್ಮೆ ಬರ್ತಾವ. ದಿನಾ ಕುಡಿಸ್ಕೋತ ಹೋದ್ರ ಬರೇ ಎಲಿ, ಬರೇ ಸೊಕ್ಕು,” ಎಂದರು.

ಅವರ ಮಾತು ಸುಳ್ಳಾಗಲಿಲ್ಲ. ಮೃಗಶಿರಾ ಮಳೆ ಬಿದ್ದು, ಬುಡಕ್ಕೆ ತಿಪ್ಪೆಗೊಬ್ಬರ ಹಾಕಿ ನೀರು ಬಿಟ್ಟ ಮೇಲೆ ಬೋಳು ಗಿಡಗಳು ಚಿಗುರಿ ಕೆಂಪು ಹೂವಿನಿಂದ ತುಂಬಿಹೋದವು. ಕಾಯಿ ನಿಂಬೆಗಿಂತ ದೊಡ್ಡದಾದಾಗ, ಬಿಸಿಲಿಗೆ ಸುಡಬಾರದೆಂದು ಹಳೆಯ ಸೀರೆ ಹರಿದು ಒಂದೊಂದನ್ನೂ ಕಟ್ಟಿದರು. ಆ ಅರಿವೆಗಳ ನಡುವೆ ನನ್ನ ಕಾಲೇಜಿನ ಓಢಣಿಯೂ ಕಂಡಿತು. ಕೇಳದೆ ಹರಿದಿದ್ದರು. ನಾನು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ, ಬಾಯಿ ಮಾತ್ರ ಬಿಡಲಿಲ್ಲ. ಹೊಸ ಸೊಸೆ ಅಲ್ಲವೇ.

ನಾಲ್ಕನೇ ವರ್ಷ ಬಸುರಿಯಾದೆ. ಹೆದರಿಕೆಯೂ ಅಂದೇ ಶುರುವಾಯಿತು. ನನ್ನ ಅವ್ವ ನನ್ನ ತಮ್ಮನನ್ನು ಹೆರುವಾಗ ತೀರಿಕೊಂಡವಳು. ಮೊದಲೇ ಮೈಯಲ್ಲಿ ರಕ್ತ ಇರಲಿಲ್ಲ, ಇದ್ದದ್ದೂ ಹರಿದುಹೋಯಿತು ಎಂದು ದೊಡ್ಡವರು ಅಂಗಳದಲ್ಲಿ ಮಾತಾಡಿಕೊಂಡಾಗ ನನಗೆ ಆರು ವರ್ಷ. ಅವ್ವನ ತಂಗಿ, ನಮ್ಮ ಚಿಕ್ಕಮ್ಮ, ನಮ್ಮಿಬ್ಬರನ್ನೂ ಸಾಕಿದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಅತ್ತೆ ಬಿಲ್‌ಕುಲ್ ಒಪ್ಪಲಿಲ್ಲ.

“ನಿಮ್ಮವ್ವ ಇಲ್ಲ ಅಂತ ನಿನಗ ಅನ್ನಿಸಬಾರದು. ದವಾಖಾನಿಗೂ ನಾನೇ ಬರ್ತೀನಿ, ಬಾಣಂತನಾನೂ ನಾನೇ ಮಾಡ್ತೀನಿ. ಫಿಕರ್ ಮಾಡಬ್ಯಾಡ,” ಎಂದರು.

ನನಗೆ ಎಷ್ಟು ಸಮಾಧಾನವಾಯಿತೆಂದರೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆರನೇ ತಿಂಗಳಲ್ಲಿ, ಗಣಪತಿ ಕೂಡ್ರಿಸುವ ಹೊತ್ತಿಗೆ, ಹುಮನಾಬಾದಿನ ದವಾಖಾನೆಯಲ್ಲಿ ರಕ್ತ ನೋಡಿದರು. ಹಿಮೋಗ್ಲೋಬಿನ್ ಎಂಟೂವರೆ ಬಂತು. ಹೆರಿಗೆಯ ಹೊತ್ತಿಗೆ ಹತ್ತಾದರೂ ಆಗಬೇಕು, ಆಗದಿದ್ದರೆ ಇಲ್ಲಿ ಬೇಡ, ಬೀದರಿಗೆ ಕಳಿಸುತ್ತೇನೆ ಎಂದು ಡಾಕ್ಟರಬಾಯಿ ಹೇಳಿ ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಅತ್ತೆ ದವಾಖಾನೆಯಿಂದ ನೇರ ಹಣ್ಣಿನ ಗಾಡಿಗೆ ಹೋದರು. ನಮ್ಮ ಗಿಡದ ಕಾಯಿ ಇನ್ನೂ ಬಲಿತಿರಲಿಲ್ಲ. ಜೀವನದಲ್ಲಿ ಮೊದಲ ಸಲ ಪೇಟೆಯ ದಾಳಿಂಬೆ ಕೊಂಡರು. ಕೊಂಡು, ಮನೆ ಮುಟ್ಟುವ ತನಕ ಅದನ್ನು ಬೈದರು. ಗಣಪತಿಯ ಮುಂದೆ ಒಂದು ಇಟ್ಟು, ಉಳಿದದ್ದನ್ನು ಬಿಡಿಸಿ ನನ್ನ ಮುಂದೆ ಇಟ್ಟರು.

“ಬಣ್ಣ ನೋಡು, ರಕ್ತನ ಅದ ಇದು,” ಎಂದರು.

ಪಕ್ಕದ ಮನೆಯ ಖಾಲಾ ಬಂದು ಕೂತಿದ್ದರು. ನನ್ನ ಕೈಯಿಂದ ಒಂದು ಕಾಳು ಉರುಳಿದ್ದನ್ನು ಅವರು ಹೆಕ್ಕಿ, ಸೆರಗಿಗೆ ಒರೆಸಿ, ತಿರುಗಿ ನನ್ನ ಕೈಯಲ್ಲಿಟ್ಟರು. “ಒಂದೊಂದು ಅನಾರ್‌ದಾಗ ಜನ್ನತ್‌ದ ಒಂದು ದಾಣಾ ಇರತದ ಬೇಟಿ. ಯಾವ್ದು ಅಂತ ತಿಳಿಯಂಗಿಲ್ಲ. ಅದಕ್ಕ ಒಂದೂ ಚೆಲ್ಲಬಾರದು,” ಎಂದರು. ಸ್ವರ್ಗದ ಕಾಳು ತಪ್ಪಿಹೋದೀತೆಂದು ನಾನು ತಟ್ಟೆ ಬಳಿದು ತಿಂದೆ. ಹೆದರಿದವರಿಗೆ ಎಲ್ಲ ದೇವರೂ ಬೇಕು.

ಗುಳಿಗೆ ಮಾತ್ರ ನನಗೆ ಒಗ್ಗಲಿಲ್ಲ. ನುಂಗಿದ ಎರಡನೇ ದಿನಕ್ಕೇ ಹೊಟ್ಟೆ ಕೆಟ್ಟಿತು. ಅತ್ತೆ ಅಟ್ಟದ ಮೇಲಿನ ಡಬ್ಬಿ ಇಳಿಸಿದರು. ಹಿಂದಿನ ವರ್ಷದ ದಾಳಿಂಬೆ ಸಿಪ್ಪೆ ಒಣಗಿಸಿ ಇಟ್ಟದ್ದು. ಭೇದಿಗೆ ಸಿಪ್ಪೆ, ಬಾಯಿ ಹುಣ್ಣಿಗೆ ಮೊಗ್ಗು, ಜ್ವರ ಬಿಟ್ಟವರಿಗೆ ಕಾಳಿನ ರಸ: ಓಣಿಗೆಲ್ಲ ಈ ದವಾ ಅವರದೇ. ಸಿಪ್ಪೆಗೆ ಜೀರಿಗೆ ಹಾಕಿ ಕುದಿಸಿ, ಒಂದು ವಾಟಗ ಕಷಾಯ ತಂದುಕೊಟ್ಟರು. ನಾಲಿಗೆ ಹಿಂಡಿದಂತಾಗುವ ಒಗರು. ಎರಡು ದಿನದಲ್ಲಿ ಭೇದಿ ನಿಂತಿತು.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. “ಗುಳಿಗಿ ಹೊಟ್ಟ್ಯಾಗ ನಿಲ್ಲಬೇಕಂದ್ರ ಇದರ ಜೋಡೀನ ತಗೋ,” ಎಂದು ದಿನಾ ರಾತ್ರಿ ಊಟವಾದ ಮೇಲೆ ಒಂದು ಕೈಯಲ್ಲಿ ಗುಳಿಗೆ, ಇನ್ನೊಂದು ಕೈಯಲ್ಲಿ ವಾಟಗ ಹಿಡಿದು ನಿಲ್ಲುತ್ತಿದ್ದರು. ನಾನು ಕುಡಿದು ಮುಗಿಸುವ ತನಕ ಕದಲುತ್ತಿರಲಿಲ್ಲ. ಹಾಗೆ ಒಂದೂವರೆ ತಿಂಗಳು.

ಮತ್ತೆ ರಕ್ತ ನೋಡಿದಾಗ ಏಳೂವರೆ.

ಅತ್ತೆ ಹೊರಗೆ ಚೀಟಿ ಮಾಡಿಸುವ ಸಾಲಿನಲ್ಲಿದ್ದರು. ಡಾಕ್ಟರಬಾಯಿ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು, “ಗುಳಿಗಿ ಖರೇನ ತಗೋತೀರೇನು? ಯಾತರ ಜೋಡಿ ತಗೋತೀರಿ? ಚಾ ಕುಡೀತೀರೇನು?” ಎಂದು ಕೇಳಿದರು. ನಾನು ಕಷಾಯದ ಕತೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಹಣ್ಣು ತಿನ್ರಿ, ಒಳ್ಳೇದು. ಅದರಾಗ ಕಬ್ಬಿಣ ಭಾಳ ಇಲ್ಲ, ಆದ್ರ ಗುಳಿಗಿ ಮೈಗೆ ಹತ್ತಾಕ ಜರಾ ಅನುಕೂಲ ಆಗತದ. ಸಿಪ್ಪಿ ಕಷಾಯ ಬ್ಯಾಡ. ಆ ಒಗರು ಕಬ್ಬಿಣಾನ ಹಿಡಕೊಂಡು ಕೂಡತದ, ರಕ್ತಕ್ಕ ಹೋಗಾಕ ಬಿಡಂಗಿಲ್ಲ,” ಎಂದರು. ಗುಳಿಗೆ ಬದಲಿಸಿ, ನರಕ್ಕೆ ಹಾಕುವ ಕಬ್ಬಿಣದ ಬಾಟಲಿಯನ್ನೂ ಬರೆದರು.

ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದವಳು. ನನ್ನ ಗಂಡ ಹುಮನಾಬಾದಿನಲ್ಲಿ ಔಷಧಿ ತಯಾರಿಸುವ ಕಾರ್ಖಾನೆಯಲ್ಲಿ ಪಾಳಿ ಮಾಡುವವನು. ಸಿಪ್ಪೆಯ ಒಗರಿಗೂ ಕಬ್ಬಿಣಕ್ಕೂ ಏನು ಸಂಬಂಧ ಎಂದು ಇಬ್ಬರಿಗೂ ಗೊತ್ತಿರಬೇಕಿತ್ತು. ಇಬ್ಬರ ತಲೆಗೂ ಹೊಳೆಯಲಿಲ್ಲ. ಓದೆಲ್ಲ ಪರೀಕ್ಷೆಯ ಮೂರು ತಾಸಿಗೆ ಮಾತ್ರ ಇತ್ತೆಂದು ಕಾಣುತ್ತದೆ.

ಹೊರಗೆ ಬಂದಾಗ ಅತ್ತೆ ನನ್ನ ಮುಖ ನೋಡಿ, “ಏರೇದೇನು?” ಎಂದರು. ಅವರ ಕಣ್ಣಲ್ಲಿ ಆಸೆ ಇತ್ತು. “ಜರಾ ಕಮ್ಮಿ ಅದ ಅಂತ್ರಿ. ಬಾಟಲಿ ಹಾಕ್ತಾರಂತ,” ಎಂದಷ್ಟೇ ಹೇಳಿದೆ.

ಅಂದಿನಿಂದ ನನ್ನ ಕಳ್ಳತನ ನಡೆಯಿತು. ಕಷಾಯ ಇಸಿದುಕೊಳ್ಳುವುದು, ವಾಕರಿಕೆ ಬರುತ್ತದೆ, ಬಚ್ಚಲಲ್ಲೇ ಕುಡಿಯುತ್ತೇನೆ ಎಂದು ಹೋಗುವುದು, ಅಲ್ಲಿ ಚೆಲ್ಲುವುದು. ಅವರ ಮನಸ್ಸು ನೋಯಬಾರದು, ಅಷ್ಟೇ ನನ್ನ ಲೆಕ್ಕ. ಒಳ್ಳೆಯ ಸೊಸೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ವಾರದ ನಂತರ ಒಂದು ಮುಂಜಾನೆ ಅತ್ತೆ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಮೂಲೆಯಲ್ಲಿ ತುಕ್ಕು ಹಿಡಿದ ಸಲಿಕೆ ಬಿದ್ದಿತ್ತು. ಅದರ ಮೇಲೂ ಸುತ್ತಲ ಕಲ್ಲಿನ ಮೇಲೂ ಶಾಯಿ ಚೆಲ್ಲಿದ ಹಾಗೆ ಕಪ್ಪು. ಅವರು ಬೆರಳಿನಿಂದ ಒರೆಸಿ ಮೂಸಿ ನೋಡಿದರು.

“ದಾಳಿಂಬ್ರಿ ಸಿಪ್ಪಿ ಕಬ್ಬಿಣಕ್ಕ ತಾಗಿದ್ರ ಹಿಂಗ ಕರ್ರಗ ಆಗತದ. ನಮ್ಮವ್ವ ನೂಲಿಗೆ ಕರೀ ಬಣ್ಣ ಹಿಂಗಽ ಹಾಕ್ತಿದ್ದಳು,” ಎಂದರು. ಆಮೇಲೆ ನನ್ನತ್ತ ತಿರುಗಿದರು. “ಎಷ್ಟ್ ದಿನದಿಂದ ಚೆಲ್ಲಾಕತ್ತಿ?”

“ಒಂದು ವಾರ ಆತ್ರಿ,” ಎಂದೆ.

“ಗುಳಿಗ್ಯಾಗ ಕಬ್ಬಿಣ ಇರತದಲ್ಲ. ಹೊಟ್ಟ್ಯಾಗೂ ಹಿಂಗಽ ಆಗಿತ್ತೇನು?”

ಹೌದೆಂದು ಗೋಣು ಹಾಕಿದೆ. ಡಾಕ್ಟರಬಾಯಿ ಹೇಳಿದ್ದನ್ನೆಲ್ಲ ಹೇಳಿದೆ. ನಿಮಗೆ ಕೆಟ್ಟ ಅನ್ನಿಸಬಾರದು ಅಂತ ಮುಚ್ಚಿಟ್ಟೆ ಎಂದೂ ಹೇಳಿದೆ.

“ನಿಮ್ಮವ್ವ ಕೊಟ್ಟಿದ್ರ ಏನ್ ಮಾಡ್ತಿದ್ದಿ? ವಾಟಗ ನೆಲಕ್ಕ ಕುಕ್ಕಿ ಬೈತಿದ್ದಿ. ತಿಳಿಯಂಗಿಲ್ಲೇನ ನಿನಗ ಅಂತಿದ್ದಿ. ನಾ ಅತ್ತಿ ಅಂತ ಬಚ್ಚಲದಾಗ ಚೆಲ್ಲಿದಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು ಗಿಡಗಳ ಕಡೆ ಹೋದರು.

ಆ ದಿನದಿಂದ ಅವರು ನನ್ನ ಜೊತೆ ಬಹಳ ಮರ್ಯಾದೆಯಿಂದ ನಡೆದುಕೊಂಡರು. ಅದಕ್ಕಿಂತ ಕೆಟ್ಟ ಶಿಕ್ಷೆ ಇಲ್ಲ. ಮೊದಲು ತಟ್ಟೆಗೆ ಕೇಳದೆ ಬಡಿಸುತ್ತಿದ್ದವರು ಈಗ, “ಇದು ನಡಿತದೇನವ್ವಾ? ಡಾಕ್ಟರಬಾಯಿಗ ಕೇಳಿ ತಿನ್ನು,” ಎನ್ನುತ್ತಿದ್ದರು. ಬಾಟಲಿ ಹಾಕಿಸಲು ಮಗನನ್ನು ಜೊತೆಗೆ ಕಳಿಸಿ ತಾವು ಮನೆಯಲ್ಲೇ ಉಳಿದರು. ರಕ್ತ ಒಂಬತ್ತಕ್ಕೆ ಬಂತು, ಆಮೇಲೆ ಹತ್ತು ದಾಟಿತು. ಮನೆಗೆ ಬಂದು ಹೇಳಿದಾಗ ದೇವರ ಮುಂದೆ ದೀಪ ಹಚ್ಚಿದರು. ನಂತರ ನನ್ನ ಮುಖ ನೋಡದೆ, “ಹೆರಿಗಿಗೆ ನಿಮ್ಮ ಚಿಕ್ಕವ್ವನ್ನ ಕರಸು. ನನಗ ತಿಳಿವಳಿಕಿ ಕಮ್ಮಿ. ನನ್ನ ಕೈಲಿ ಮತ್ತೇನರ ಆದ್ರ?” ಎಂದರು.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೆರಿಗೆ ಕೋಣೆ ಎಂದರೆ ನನ್ನ ಅವ್ವ ಹೋಗಿ ತಿರುಗಿ ಬರದ ಜಾಗ. ಅಲ್ಲಿ ನನಗೆ ಇವರು ಬೇಕಿತ್ತು.

ಒಂಬತ್ತನೇ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮಣೆಯ ಮೇಲೆ ಕೂರಿಸಿ, ಉಡಿಯಲ್ಲಿ ಐದು ತರದ ಹಣ್ಣು ತುಂಬುವ ಶಾಸ್ತ್ರ. ದಾಳಿಂಬೆ ಅದರಲ್ಲಿ ಇರಲೇಬೇಕು. ಒಡಲ ತುಂಬ ಕಾಳಿರುವ ಹಣ್ಣು, ಬಸುರಿಯ ಉಡಿಗೆ ಅದೇ ಹಾರೈಕೆ. ಅದೂ ಸೀಳು ಬಿಟ್ಟಿರಬಾರದು. ಅತ್ತೆ ಹನ್ನೊಂದೂ ಗಿಡ ಸುತ್ತಿ, ಅರಿವೆ ಬಿಚ್ಚಿ ನೋಡಿ ನೋಡಿ, ಒಂದು ಹಣ್ಣು ಆರಿಸಿ ತಂದಿದ್ದರು. ಓಣಿಯ ಹೆಂಗಸರೆಲ್ಲ ಕೂತಿದ್ದರು, ಖಾಲಾ ಕೂಡ. ಉಡಿ ತುಂಬುವ ಹೊತ್ತಿಗೆ ಅತ್ತೆ ಆ ಹಣ್ಣನ್ನು ಬಸವಕಲ್ಯಾಣದಿಂದ ಬಂದಿದ್ದ ಚಿಕ್ಕಮ್ಮನ ಕೈಗೆ ಕೊಟ್ಟು, “ನೀವಽ ಹಾಕ್ರಿ ಬಾಯಾರ. ತವರಿನವರು ನೀವು,” ಎಂದು ಹಿಂದೆ ಸರಿದು ಕಂಬಕ್ಕೆ ಒರಗಿ ನಿಂತರು.

ನನ್ನ ತಲೆ ಕೆಟ್ಟಿತು. ಎರಡು ತಿಂಗಳಿನಿಂದ ನುಂಗಿದ್ದೆಲ್ಲ ಒಮ್ಮೆಲೆ ಬಂತು.

“ಸಾಕ್ ಮಾಡು ನಿನ್ನ ನಾಟಕ! ತಪ್ಪು ಯಾರ್ ಮಾಡಂಗಿಲ್ಲ? ಒಂದು ಕಷಾಯ ಕೊಟ್ಟಿ ಅಂತ ನನ್ನ ಕೈ ಬಿಡ್ತಿಯೇನು? ಅಲ್ಲಿ ನಾ ಒಬ್ಬಾಕಿನೇ ಸಾಯ್ಲೇನು? ಹಣ್ಣು ನೀ ಹಾಕಬೇಕು. ದವಾಖಾನಿಗೂ ನೀನೇ ಬರಬೇಕು. ಇಲ್ಲಂದ್ರ ನಾ ಈ ಮಣಿ ಬಿಟ್ಟು ಏಳಂಗಿಲ್ಲ!”

ಕೂತಿದ್ದವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಚಿಕ್ಕಮ್ಮ ನನ್ನ ತೊಡೆ ಚಿವುಟಿದಳು. ಅತ್ತೆ ಕಂಬ ಬಿಟ್ಟು ಬಂದರು. ಚಿಕ್ಕಮ್ಮನ ಕೈಯಿಂದ ಹಣ್ಣು ತೆಗೆದುಕೊಂಡು ನನ್ನ ಉಡಿಗೆ ಹಾಕಿದರು. “ಇಷ್ಟ್ ಮಂದ್ಯಾಗ ಬೈತಿಯೇನ, ಮಾನಗೇಡಿ,” ಎಂದು ಮೂಗು ಒರೆಸಿಕೊಂಡರು.

ಕುಬಸವಾದ ಹನ್ನೆರಡು ದಿನಕ್ಕೆ ಹೆರಿಗೆ ಬೇನೆ ಎದ್ದಿತು. ಹುಮನಾಬಾದಿನಲ್ಲೇ ಸೇರಿಸಿಕೊಂಡರು. ಮುಂಜಾನೆಯಿಂದ ಮಧ್ಯಾಹ್ನದ ತನಕ ಅತ್ತೆ ನನ್ನ ಕೈ ಬಿಡಲಿಲ್ಲ. ನಾನು ಅವರಿಗೆ ಏನೇನು ಅಂದೆನೋ ನನಗೆ ನೆನಪಿಲ್ಲ. ನೀರು ಕೊಟ್ಟರೆ ಬೈದೆ, ಕೊಡದಿದ್ದರೆ ಬೈದೆ, ಬೆನ್ನು ಸರಿಯಾಗಿ ತಿಕ್ಕಲಿಲ್ಲವೆಂದು ಬೈದೆ. ಕೊನೆಗೆ ನರ್ಸಿಗೇ ಕೆಟ್ಟ ಅನ್ನಿಸಿ, “ಏನವ್ವಾ, ಅತ್ತೀಗೆ ಯಾರರ ಹಿಂಗ ಮಾತಾಡ್ತಾರೇನು?” ಎಂದು ನನ್ನನ್ನು ಗದರಿದಳು.

“ನೀವ್ ಸುಮ್ನಿರ್ರಿ,” ಎಂದರು ಅತ್ತೆ. “ಅಕಿ ಅವರವ್ವಗ ಬೈಯಾಕತ್ತಾಳ.”