ಖಾಲಿ ಐತೇನೋ, ತಮ್ಮಾ?

ದೆವ್ವಗಿವ್ವ ನಾನು ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಇವತ್ತು ರಾಣೆಬೆನ್ನೂರಿನ ಟೇಲರ್ ಅಂಗಡಿಯಲ್ಲಿ ಹೊಲಿಗೆ ಮಷಿನ್ನಿಗೆ ಬಿಟ್ಟ ಎಣ್ಣೆಯ ವಾಸನೆ ನನ್ನನ್ನು ಸೀದಾ ಕುಪ್ಪೇಲೂರಿನ ನಮ್ಮ ಪಡಸಾಲೆಗೆ ಎಳೆದೊಯ್ದಿತು.

ಬನ್ನಿ ಹಬ್ಬ ಹತ್ತಿರ ಬಂದರೆ ಅಜ್ಜ, ಹೊಲಕ್ಕೆ ನುಗ್ಗುವ ಹಂದಿ ಬೆದರಿಸುವ ಬಂದೂಕನ್ನು ಅದೇ ಎಣ್ಣೆಯಿಂದ ಒರೆಸುತ್ತಿದ್ದ. ಹಿಂದೊಮ್ಮೆ ಅವನ ತಮ್ಮ ಒಳಗೆ ತೋಟಾ ಇದ್ದದ್ದನ್ನು ನೋಡದೆ ಒರೆಸಲು ಕೂತು, ಅಲ್ಲೇ ಸತ್ತಿದ್ದನಂತೆ. ಅಂದಿನಿಂದ ಅಜ್ಜ ಪಕ್ಕದಲ್ಲೊಂದು ಚಾಪೆ ಹಾಸಿ, "ಖಾಲಿ ಐತೇನೋ, ತಮ್ಮಾ?" ಎಂದು ಕೇಳುತ್ತಿದ್ದ. ಆಮೇಲೆ ಬಂದೂಕಿನ ನಳಿಗೆಯನ್ನು ಕೆಳಕ್ಕೆ ಮಡಚಿ, ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ನೋಡಿಯೇ ಅದರ ಕೆಳಗಿನ ಹಿಡಿಕೆಯ ಕಟ್ಟಿಗೆ ಬಿಚ್ಚುತ್ತಿದ್ದ.

ಒಂದು ವರ್ಷದ ಹಬ್ಬಕ್ಕೆ ಅಜ್ಜ ಹಾಗೆ ಕೇಳಿದ ಮೇಲೆ ಒಳಗೆ ನೋಡುವುದನ್ನು ಮರೆತು, ಕಟ್ಟಿಗೆಯ ಸ್ಕ್ರೂ ತಿರುವತೊಡಗಿದ.

"ಇಲ್ಲಂತ, ಅಜ್ಜಾ," ಅಂದೆ ನಾನು, ಎದುರಿಗೆ ಕೂತಿದ್ದ ಚಿಕ್ಕ ಹುಡುಗಿ.

ಅಜ್ಜ ನಳಿಗೆ ಮಡಚಿದ. ಒಳಗೆ ಕೆಂಪು ತೋಟಾ ಇತ್ತು.

"ಯಾರು ಹೇಳಿದ್ರವ್ವಾ ನಿನಗ?"

ನಾನು ಚಾಪೆಯತ್ತ ಬೆರಳು ತೋರಿಸಿದೆ.

ಇವತ್ತು ಅಂಗಡಿಗೆ ಬಂದ ಹೆಂಗಸೊಬ್ಬಳು ನನ್ನ ಪಕ್ಕದ ಕುರ್ಚಿ ತೋರಿಸಿ, "ಖಾಲಿ ಐತೇನ್ರಿ, ಅಕ್ಕಾರ?" ಎಂದಳು. ನಾನು ಆ ಕಡೆ ನೋಡದೆ ಎದ್ದು, ನನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟೆ.